ಹೊಳೆಯಾಚೆಯ ಉಡಾಳರು

ಕೃಷ್ಣೆಯ ದಂಡೆಯ ಕನ್ನಡದಲ್ಲಿ ‘ಉಡಾಳ’ ಎಂಬುದು ಬೈಗುಳವೂ ಹೌದು, ಅಕ್ಕರೆಯೂ ಹೌದು. ಸಾಲಿಗೆಂದು ಹೊರಟು ಹೊಳೆಗೆ ಇಳಿದವನು, ಮಾಸ್ತರಿಗೆ ಎದುರುತ್ತರ ಕೊಟ್ಟವನು, ಹೊಲದ ಕೆಲಸ ಬಿಟ್ಟು ದೋಸ್ತರ ಬೆನ್ನು ಹತ್ತಿ ಜಾತ್ರೆಗೆ ಹೋದವನು, ಎಲ್ಲರೂ ಉಡಾಳರೇ. ತಾಯಿ ಈ ಮಾತನ್ನು ಎಷ್ಟೇ ಸಿಟ್ಟಿನಿಂದ ಅಂದರೂ ಅದರೊಳಗೆ, ಇವನಿಗೆ ಇನ್ನೂ ಬುದ್ಧಿ ಬಂದಿಲ್ಲ, ನಾಳೆ ಬಂದೀತು ಎಂಬ ಭರವಸೆ ಇರುತ್ತದೆ. ಮೀಸೆ ಚಿಗುರುವ ವಯಸ್ಸಿನ ಹುಡುಗರ ತಕರಾರು ಮತ್ತು ಗೆಳೆತನವನ್ನು ಕತೆಯಾಗಿಸಿಕೊಂಡ ಸಿನೆಮಾಗಳ ಜೀವಾಳ ಈ ಭರವಸೆಯೇ. ಫ್ರಾನ್ಸಿನ ಫ್ರಾಂಸ್ವಾ ತ್ರೂಫೋ 1959ರಲ್ಲಿ ತೆಗೆದ ‘ದಿ 400 ಬ್ಲೋಸ್’ ಈ ಬಗೆಯ ಸಿನೆಮಾಗಳಿಗೆ ಹಿರಿಯಣ್ಣ. ಅದರ ಹುಡುಗ ಆಂತ್ವಾನ್ ಶಾಲೆ ತಪ್ಪಿಸುತ್ತಾನೆ, ಸುಳ್ಳು ಹೇಳುತ್ತಾನೆ, ಟೈಪ್‌ರೈಟರ್ ಕದಿಯುತ್ತಾನೆ, ಕೊನೆಗೆ ಬಾಲಾಪರಾಧಿಗಳ ಕೇಂದ್ರ ಸೇರುತ್ತಾನೆ. ಅವನನ್ನು ನೋಡಲು ಗೆಳೆಯ ರೆನೆ ಅಷ್ಟು ದೂರ ಬರುತ್ತಾನೆ. ಕಾವಲಿನವರು ಒಳಗೆ ಬಿಡುವುದಿಲ್ಲ. ಗಾಜಿನ ಆಚೆ ಒಬ್ಬ, ಈಚೆ ಒಬ್ಬ. ಹುಡುಗನ ಬಂಡಾಯ ಯಾರ ಮೇಲೆ, ಅವನಿಗೆ ಆಸರೆ ಯಾರು ಎಂಬ ಎರಡೂ ಪ್ರಶ್ನೆಗಳಿಗೆ ಆ ಒಂದು ದೃಶ್ಯದಲ್ಲಿ ಉತ್ತರ ಸಿಗುತ್ತದೆ.

ಹುಡುಗರ ಉಡಾಳತನ ವಯಸ್ಸಿನ ರೋಗವಲ್ಲ, ಅದು ನೆಲದಿಂದ ಹುಟ್ಟುತ್ತದೆ ಎಂಬುದು ನನ್ನ ವಾದ. ಯಾವ ಊರು, ಯಾವ ಸಾಲಿ, ಯಾವ ಭಾಷೆ ಅವರನ್ನು ಒತ್ತುತ್ತಿದೆ ಎಂದು ತೋರಿಸಿದ ಸಿನೆಮಾ ಉಳಿಯುತ್ತದೆ. ತೋರಿಸದ್ದು ನಾಲ್ಕು ಹಾಡು, ಎರಡು ಹೊಡೆದಾಟಗಳಲ್ಲಿ ಕರಗುತ್ತದೆ. ಈ ಅಳತೆಗೋಲು ಹಿಡಿದು ನೋಡಿದರೆ ಕನ್ನಡ ಸಿನೆಮಾ ಇನ್ನೂ ಕಣ್ಣೆತ್ತಿ ನೋಡದ ಒಂದು ಸೀಮೆ ಎದುರಾಗುತ್ತದೆ. ರಾಯಚೂರಿನಿಂದ ಗಡಿ ದಾಟಿದರೆ ಸಿಗುವ ತೆಲಂಗಾಣದ ಮಕ್ತಲ್, ನಾರಾಯಣಪೇಟೆ, ಗದ್ವಾಲ. ಹದಿಹರೆಯದ ದೋಸ್ತಿಯ ಕತೆಗೆ ಇದಕ್ಕಿಂತ ಹದವಾದ ಮಣ್ಣು ಕನ್ನಡಕ್ಕೆ ಸಿಗುವುದು ಕಷ್ಟ.

ಮೊದಲು ನಮ್ಮಲ್ಲಿ ಆಗಿರುವುದನ್ನು ನೋಡೋಣ. ಪುಟ್ಟಣ್ಣ ಕಣಗಾಲ್ 1972ರಲ್ಲಿ ತರಾಸು ಅವರ ಮೂರು ಕಾದಂಬರಿಗಳನ್ನು ಹೆಣೆದು ತೆಗೆದ ‘ನಾಗರಹಾವು’ ಚಿತ್ರದ ರಾಮಾಚಾರಿ ನಮ್ಮ ತೆರೆಯ ಮೊದಲ ದೊಡ್ಡ ಉಡಾಳ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದು, ಅವಮಾನ ಮಾಡಿದ ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟುವ ಹುಡುಗ. ಆದರೆ ಅವನ ಪೊಗರು ಗಾಳಿಯಲ್ಲಿ ಹುಟ್ಟಿದ್ದಲ್ಲ. ಚಿತ್ರದುರ್ಗದ ಕೋಟೆ, ಅಲ್ಲಿನ ಬಂಡೆ, ಅಲ್ಲಿನ ವೀರರ ಕತೆಗಳು ಅವನೊಳಗೆ ಇಳಿದಿವೆ. ಕೋಟೆಯಷ್ಟೇ ಗಟ್ಟಿಯಾಗಿ ಜಾತಿ, ಮರ್ಯಾದೆಗಳ ಗೋಡೆಯೂ ಆ ಊರಿನಲ್ಲಿದೆ. ಗೆಳೆಯ ವರದನ ಮಾತಿಗೆ ಕಟ್ಟುಬಿದ್ದು ಅವನ ಸೋದರಿ ಅಲಮೇಲುವಿನ ಕಾವಲಿಗೆ ನಿಂತವನು ಆ ಗೋಡೆಗೇ ಹೋಗಿ ಡಿಕ್ಕಿ ಹೊಡೆಯುತ್ತಾನೆ. ಅವನನ್ನು ಅರ್ಥ ಮಾಡಿಕೊಂಡ ಏಕೈಕ ಹಿರಿಯ ಚಾಮಯ್ಯ ಮೇಷ್ಟ್ರು. ಆ ಮೇಷ್ಟ್ರು ಕೂಡ ಕೊನೆಗೆ ಗೋಡೆಯ ಪರವಾಗಿಯೇ ಮಾತಾಡುತ್ತಾರೆ. ಐವತ್ತು ವರ್ಷ ದಾಟಿದರೂ ಈ ಚಿತ್ರ ನೆನಪಿನಲ್ಲಿ ಉಳಿದಿರುವುದಕ್ಕೆ ವಿಷ್ಣುವರ್ಧನ್ ಅವರ ಚೂಪುನೋಟ ಎಷ್ಟು ಕಾರಣವೋ ಅಷ್ಟೇ ಕಾರಣ ಆ ಊರು.

2023ರ ಮೇ 19ರಂದು ತೆರೆ ಕಂಡ ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ ಇದೇ ಮಾತಿಗೆ ಇನ್ನೊಂದು ಸಾಕ್ಷಿ. ಪೂರ್ಣಚಂದ್ರ ತೇಜಸ್ವಿಯವರ ಸಣ್ಣಕತೆ ಅದರ ಮೂಲ. ಅಬಚೂರಿನ ಜೂನಿಯರ್ ಕಾಲೇಜಿಗೆ ಮುಸ್ಲಿಂ ಹುಡುಗನೊಬ್ಬ ಸೇರಿಕೊಂಡಾಗ ಉಳಿದ ಹುಡುಗರ ಗುಮಾನಿ, ತಮಾಷೆ, ಹಗೆ ಎಲ್ಲವೂ ಎದ್ದು ಬರುತ್ತವೆ, ಕ್ರಿಕೆಟ್ ಮೈದಾನದಲ್ಲಿ ಅವು ನಿಧಾನಕ್ಕೆ ಗೆಳೆತನದತ್ತ ತಿರುಗುತ್ತವೆ. ಊರಿನ ಹಿರಿಯರು ಸಾಕಿಕೊಂಡು ಬಂದ ಭಯವನ್ನು ಹುಡುಗರು ಮುರಿಯುವುದೇ ಅಲ್ಲಿನ ಬಂಡಾಯ. ಬೈಕು ಓಡಿಸುವುದು, ಸಿಗರೇಟು ಹಚ್ಚುವುದು ಬಂಡಾಯದ ವೇಷ ಮಾತ್ರ. ಅಪ್ಪ ಯಾರೊಡನೆ ಕೂಡಬೇಡ ಅಂದನೋ ಅವನ ಹೆಗಲ ಮೇಲೆ ಕೈ ಹಾಕುವುದು ನಿಜವಾದ ಬಂಡಾಯ ಎಂದು ಆ ಚಿತ್ರ ಸದ್ದಿಲ್ಲದೆ ಹೇಳಿತು. ದೊಡ್ಡ ನಿರ್ಮಾಣ ಸಂಸ್ಥೆಯ ಹಣಕ್ಕೆ ಕಾಯದೆ ತೇಜಸ್ವಿಯವರ ಓದುಗರೇ ಹಣ ಕೂಡಿಸಿ ಅದನ್ನು ತಯಾರಿಸಿದರು. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಗಡಿಯ ಹುಡುಗರ ಬಗ್ಗೆ ಬಂದ ಹೆಸರುವಾಸಿ ಕನ್ನಡ ಸಿನೆಮಾ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ‘ಕಿರಿಕ್ ಪಾರ್ಟಿ’ಯಲ್ಲಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರ ಪುಂಡಾಟ ತೋರಿಸಿ ಗೆದ್ದಿದ್ದ ರಿಷಬ್ ಶೆಟ್ಟಿ ಅದಾದ ಮೇಲೆ ಹೀಗೊಂದು ಕನ್ನಡ ಶಾಲೆಯ ಕತೆಗೆ ಕೈ ಹಾಕಿದ್ದು ಸಣ್ಣ ಧೈರ್ಯವಲ್ಲ. 2018ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಈ ಚಿತ್ರಕ್ಕೆ ಮಕ್ಕಳ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ, ಮಲಯಾಳಂ ಮಾತ್ರ ಬಲ್ಲ ಗಣಿತದ ಮಾಸ್ತರು ಬರುತ್ತಾರೆ. ಲೆಕ್ಕ ಅರ್ಥವಾಗದ ಹುಡುಗರು ತಿರುಗಿ ಬೀಳುತ್ತಾರೆ. ಚಿತ್ರದ ಮೊದಲರ್ಧ ಹುಡುಗರದ್ದೇ. ಪಾಸಾಗದ ಪ್ರವೀಣ, ಅವನ ಬಳಗ, ಅವರ ಬೈಗುಳ, ಅವರ ಮೊದಲ ಮೋಹ ಎಲ್ಲವೂ ಅಲ್ಲಿ ತಾಜಾ ಆಗಿವೆ. ಆ ಬಳಗದಲ್ಲಿ ಒಬ್ಬನ ಹೆಸರು ಮಮ್ಮೂಟ್ಟಿ. ಕನ್ನಡ ಶಾಲೆ ಉಳಿಸಲು ಹೊರಟ ಹುಡುಗನ ಹೆಸರು ಮಲಯಾಳಂ ನಟನದು ಎಂಬ ಈ ಸಣ್ಣ ವಿವರದಲ್ಲಿ ಗಡಿಯ ಬದುಕು ಇಡಿಯಾಗಿ ಇದೆ. ಆದರೆ ದ್ವಿತೀಯಾರ್ಧದಲ್ಲಿ ಹುಡುಗರು ಮೈಸೂರಿಗೆ ಹೋಗಿ ಅನಂತಪದ್ಮನಾಭ ಎಂಬ ಹಿರಿಯರನ್ನು ಕರೆತರುತ್ತಾರೆ, ಕತೆ ಕೋರ್ಟಿಗೆ ಹೋಗುತ್ತದೆ, ಅನಂತ್ ನಾಗ್ ಅವರ ಮಾತಿನ ಸೊಗಸಿಗೆ ಪ್ರೇಕ್ಷಕರು ಚಪ್ಪಾಳೆ ಹೊಡೆಯುತ್ತಾರೆ. ಹುಡುಗರು ಮಾತ್ರ ಹಿಂದಿನ ಬೆಂಚಿಗೆ ಸರಿದುಬಿಡುತ್ತಾರೆ. ತಮ್ಮ ಜಗಳವನ್ನು ತಾವೇ ಗೆಲ್ಲುವ ಅಥವಾ ತಾವೇ ಸೋಲುವ ಹಕ್ಕನ್ನು ಚಿತ್ರ ಅವರಿಂದ ಕಸಿದುಕೊಂಡಿತು. ಈ ಚಿತ್ರದ ಮೇಲೆ ನನಗಿರುವ ದೂರು ಇದೊಂದೇ. ಆದರೆ ಇದು ಸಣ್ಣ ದೂರಲ್ಲ.

ಈಗ ಗಡಿ ದಾಟೋಣ. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್‌ವಿಂಗಡಣೆ ಆದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಆಗ ಮೆಹಬೂಬ್‌ನಗರ ಜಿಲ್ಲೆಯಲ್ಲಿದ್ದ ಮಕ್ತಲ್, ನಾರಾಯಣಪೇಟೆಗಳೂ ಅದೇ ದಾರಿ ಹಿಡಿದವು. ಜೋಗುಳಾಂಬ ಗದ್ವಾಲ 2016ರಲ್ಲಿ ಜಿಲ್ಲೆಯಾಯಿತು, ನಾರಾಯಣಪೇಟೆ 2019ರಲ್ಲಿ. ನಕ್ಷೆ ಇಷ್ಟು ಸಲ ಬದಲಾದರೂ ಜನರ ಓಡಾಟ ಬದಲಾಗಲಿಲ್ಲ. ನಾರಾಯಣಪೇಟೆ ರೋಡ್ ಎಂದು ಬಹುಕಾಲ ಹೆಸರಾಗಿದ್ದ ರೈಲು ನಿಲ್ದಾಣ ಇರುವುದು ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ನೇಕಾರಿಕೆಯ ಊರಾದ ನಾರಾಯಣಪೇಟೆಯಲ್ಲಿ ಮರಾಠಿಯೂ ಕೇಳಿಸುತ್ತದೆ, ಸಂತೆಯಲ್ಲಿ ದಖ್ಖನಿ ಉರ್ದು ನಡೆಯುತ್ತದೆ, ಕಚೇರಿಯಲ್ಲಿ ತೆಲುಗು. ಇಂಥ ಊರಿನಲ್ಲಿ ನಾಲ್ವರು ಹುಡುಗರು ಜತೆಗೂಡಿದರೆ ಅವರ ನಡುವೆ ಓಡಾಡುವುದು ಒಂದು ಭಾಷೆಯಲ್ಲ. ಬೈಗುಳ ಒಂದರಲ್ಲಿ, ಲೆಕ್ಕ ಇನ್ನೊಂದರಲ್ಲಿ, ಹಾಡು ಮತ್ತೊಂದರಲ್ಲಿ. ಮೊಹರಂನ ಅಲಾಯಿ ಕುಣಿತಕ್ಕೆ ಬೆಂಕಿಯ ಕುಣಿಯ ಸುತ್ತ ಸೇರುವಾಗ ಯಾರ ಮನೆಯ ಮಾತು ಯಾವುದೆಂದು ಯಾರೂ ಕೇಳುವುದಿಲ್ಲ.

ಇಲ್ಲಿಯೇ ಕಾಸರಗೋಡಿಗೂ ಈ ಸೀಮೆಗೂ ಇರುವ ವ್ಯತ್ಯಾಸ ಕಾಣುತ್ತದೆ. ಕಾನೂನಿನ ಮಟ್ಟದಲ್ಲಿ ಎರಡೂ ಕಡೆಯವರ ಪಾಡು ಹತ್ತಿರ ಹತ್ತಿರ ಒಂದೇ. ಕೇರಳ 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾಯ್ದೆ ತಂದಿತು, ತೆಲಂಗಾಣ 2018ರಲ್ಲಿ ತೆಲುಗನ್ನು ಕಡ್ಡಾಯ ಮಾಡುವ ಕಾಯ್ದೆ ತಂದಿತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಿ ಎಂದು ರಾಜ್ಯಗಳಿಗೆ ಹೇಳುತ್ತದೆ. ಆದರೆ ಅದು ಪ್ರಾಥಮಿಕ ಹಂತದ ಮಾತು. ಹದಿಹರೆಯ ಶುರುವಾಗುವುದು ಆ ಹಂತ ಮುಗಿದ ಮೇಲೆ. ಹತ್ತನೇ ತರಗತಿ ದಾಟುವ ಹೊತ್ತಿಗೆ ಹುಡುಗ ಭಾಷೆ ಬದಲಿಸಬೇಕು ಇಲ್ಲವೇ ಊರು ಬದಲಿಸಬೇಕು. ಗಡಿಯ ಈಚೆಯ ಹುಡುಗನಿಗೆ 371ಜೆ ವಿಧಿಯ ಮೀಸಲಾತಿ ಇದೆ; ಅದೇ ನಿಜಾಮನ ರಾಜ್ಯದಲ್ಲಿ ಬದುಕಿದವರ ಮೊಮ್ಮಗನಾದರೂ ಗಡಿಯ ಆಚೆಯೇ ಹುಟ್ಟಿ ಬೆಳೆದವನಿಗೆ ಅದು ದಕ್ಕುವುದಿಲ್ಲ. ಇಷ್ಟೆಲ್ಲ ಹೋಲಿಕೆ, ಹೊಂದಿಕೆಗಳಿದ್ದರೂ ಈ ಸೀಮೆಯಲ್ಲಿ ಕನ್ನಡ ಮುತ್ತಿಗೆಗೆ ಒಳಗಾದ ಕೋಟೆಯ ಹಾಗೆ ಇಲ್ಲ. ತೆಲುಗು ಇಲ್ಲಿ ಪರಭಾಷೆಯಲ್ಲ, ಪಕ್ಕದ ಮನೆಯ ಮಾತು. ಹಾಗಾಗಿ ಮಕ್ತಲ್ ಹುಡುಗರ ಸಿನೆಮಾ ಇನ್ನೊಂದು ಕಾಸರಗೋಡಿನ ಸಿನೆಮಾ ಆದರೆ ಸುಳ್ಳಾಗುತ್ತದೆ. ಖಳನಾಗಿ ತೆಲುಗು ಮಾಸ್ತರನೊಬ್ಬನನ್ನು ತಂದು ನಿಲ್ಲಿಸಿದ ಗಳಿಗೆಯಲ್ಲೇ ಆ ಸಿನೆಮಾ ತನ್ನ ಊರನ್ನು ಕಳೆದುಕೊಳ್ಳುತ್ತದೆ.

ಹಾಗಾದರೆ ಇಲ್ಲಿನ ಹುಡುಗನ ಜಗಳ ಯಾರ ಮೇಲೆ? ದುಡಿಮೆಯ ಮೇಲೆ ಎಂಬುದು ನನಗೆ ಕಾಣುವ ಉತ್ತರ. ಕೃಷ್ಣೆ, ತುಂಗಭದ್ರೆಗಳ ನಡುವಿನ ಗದ್ವಾಲದ ನಡಿಗಡ್ಡ ಸೀಮೆ ಹೈಬ್ರಿಡ್ ಹತ್ತಿ ಬೀಜದ ಉತ್ಪಾದನೆಗೆ ಹೆಸರಾದದ್ದು. ಸಂಜೆ ಮೊಗ್ಗಿನ ಗಂಡು ಭಾಗ ಕಿತ್ತು, ಮರುದಿನ ಮುಂಜಾನೆ ಒಂದೊಂದು ಹೂವಿಗೂ ಬೇರೆ ಹೂವಿನ ಪರಾಗ ಮುಟ್ಟಿಸುವ ಈ ಕೆಲಸ ಸಣ್ಣ ಕೈಗಳನ್ನು ಬಯಸುತ್ತದೆ, ಮಳೆಗಾಲದಲ್ಲಿ ಶಾಲೆ ನಡೆಯುವ ತಿಂಗಳುಗಳಲ್ಲೇ ಬರುತ್ತದೆ. ಶಾಲೆಯ ವಯಸ್ಸಿನ ಮಕ್ಕಳು ಈ ಹೊಲಗಳಲ್ಲಿ ದುಡಿದದ್ದು ದಾಖಲಾದ ಸಂಗತಿ. ಇನ್ನೊಂದು ಕಡೆ ಪಾಲಮೂರು ಎಂದು ಕರೆಸಿಕೊಳ್ಳುವ ಈ ಇಡೀ ಸೀಮೆ ತಲೆಮಾರುಗಳಿಂದ ಗುಳೆ ಹೋದದ್ದು. ಅಣೆಕಟ್ಟು, ರಸ್ತೆ, ಮಹಾನಗರಗಳ ಕಟ್ಟಡಗಳಿಗೆ ಇಲ್ಲಿಯವರ ಬೆವರು ಬಿದ್ದಿದೆ. ಇಂಥಲ್ಲಿ ಹದಿನೈದರ ಹುಡುಗ ಸಾಲಿ ತಪ್ಪಿಸಿ ಹೊಳೆಗೆ ಹೋದರೆ ಅದು ಬರೀ ಸೋಮಾರಿತನವೇ? ಸಾಲಿ ಒಂದು ಕಡೆ, ಹೊಲ ಇನ್ನೊಂದು ಕಡೆ ಎಳೆಯುವಾಗ ಎರಡಕ್ಕೂ ಸಿಗದೆ ಕಳೆದ ಒಂದು ಮಧ್ಯಾಹ್ನ ಅವನದೇ ಆದ ಏಕೈಕ ಆಸ್ತಿ. ಆ ಆಸ್ತಿಯ ಪಾಲುದಾರರು ದೋಸ್ತರು. ಉತ್ಸವ್ ಗೋನವಾರ ಅವರ ‘ಫೋಟೋ’ ರಾಯಚೂರು ಸೀಮೆಯ ಹುಡುಗ ದುರ್ಗ್ಯಾನನ್ನು ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆಯೊಂದಿಗೆ ಬೆಂಗಳೂರಿಗೆ ಕಳಿಸಿ, ಲಾಕ್‌ಡೌನ್‌ನಲ್ಲಿ ಅಪ್ಪನ ಜತೆ ನಡೆಸಿಕೊಂಡು ವಾಪಸ್ ಹೊರಡಿಸಿತು. ಗುಳೆಯ ನೋವನ್ನು ಇಷ್ಟು ಹತ್ತಿರದಿಂದ ಕಂಡ ಕನ್ನಡ ಸಿನೆಮಾ ಅಪರೂಪ. ಆದರೆ ದುರ್ಗ್ಯಾ ಇನ್ನೂ ಚಿಕ್ಕವನು, ಅಪ್ಪನ ಬೆರಳು ಹಿಡಿದವನು. ಆ ಬೆರಳು ಬಿಟ್ಟು ದೋಸ್ತನ ಹೆಗಲು ಹಿಡಿಯುವ ವಯಸ್ಸಿನ ಕತೆ ಹಾಗೇ ಉಳಿದಿದೆ.

ಇಂಥ ಸಿನೆಮಾಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಮೊದಲನೆಯದನ್ನು ಹಗುರವಾಗಿ ತಳ್ಳುವಂತಿಲ್ಲ. ಉಡಾಳರ ಸಿನೆಮಾ ಉಡಾಳತನವನ್ನೇ ಮೆರೆಸುತ್ತದೆ, ಹುಡುಗಿಯರ ಬೆನ್ನು ಹತ್ತುವುದನ್ನು ಪ್ರೀತಿ ಎಂದು ಕಲಿಸುತ್ತದೆ ಎಂದು ಹೆಣ್ಣುಮಕ್ಕಳ ತಂದೆತಾಯಿಗಳು ಹೇಳುವುದು ಬಹಳ ಸಲ ನಿಜವೇ. ಹುಡುಗರ ಗೆಳೆತನದ ಕತೆಗಳಲ್ಲಿ ಹುಡುಗಿ ಗೆಲ್ಲಬೇಕಾದ ಕಪ್ಪು ಎಂಬಂತೆ ನಿಂತಿರುವುದು ನಮ್ಮ ಸಿನೆಮಾದ ಹಳೆಯ ಕಾಯಿಲೆ. ಕಾಸರಗೋಡಿನ ಚಿತ್ರದಲ್ಲೂ ಅದರ ನೆರಳಿದೆ. 2019ರಲ್ಲಿ ರೂಪಾ ರಾವ್ ‘ಗಂಟುಮೂಟೆ’ಯಲ್ಲಿ ಹೈಸ್ಕೂಲಿನ ಮೀರಾಳ ಕಣ್ಣಿನಿಂದ ಅದೇ ವಯಸ್ಸನ್ನು ತೋರಿಸಿದಾಗ ಹುಡುಗರ ಸಿನೆಮಾಗಳು ಏನನ್ನು ನೋಡದೆ ಬಿಟ್ಟಿದ್ದವು ಎಂಬುದು ಬಯಲಾಯಿತು. ಆದರೆ ಇದು ಹುಡುಗರ ಕತೆ ಹೇಳಬೇಡಿ ಎನ್ನುವುದಕ್ಕೆ ಕಾರಣವಲ್ಲ, ಸರಿಯಾಗಿ ಹೇಳಿ ಎನ್ನುವುದಕ್ಕೆ ಕಾರಣ. ಪುಂಡಾಟಕ್ಕೆ ಬೆಲೆ ತೆರುವವರು ಯಾರು ಎಂದು ತೋರಿಸಿದರೆ ಸಿನೆಮಾ ಪುಂಡಾಟವನ್ನು ಮೆರೆಸಲಾರದು. ಅಣ್ಣ ಹೊಳೆಗೆ ಹೋದ ದಿನ ಅವನ ಪಾಲಿನ ಹತ್ತಿ ಹೂವನ್ನೂ ತಂಗಿಯೇ ಮುಟ್ಟಿಸಬೇಕಾಯಿತು ಎಂಬ ಒಂದು ದೃಶ್ಯ ಇಟ್ಟರೆ, ಪ್ರೇಕ್ಷಕರು ಹುಡುಗನನ್ನು ಪ್ರೀತಿಸುತ್ತಲೇ ಅವನ ತಪ್ಪನ್ನೂ ಅಳೆಯುತ್ತಾರೆ.

ಎರಡನೆಯದು ವ್ಯಾಪಾರದ ಮಾತು. ಮಕ್ತಲ್ ಕಡೆಯ ಬೆರಕೆ ಕನ್ನಡವನ್ನು ಬೆಂಗಳೂರಿನಲ್ಲಿ ಯಾರು ಕೇಳುತ್ತಾರೆ, ಅಲ್ಲಿಯ ಹುಡುಗರೇ ತೆಲುಗು ನಟರ ಕಟೌಟಿಗೆ ಹಾಲೆರೆಯುವಾಗ ಕನ್ನಡ ಸಿನೆಮಾ ಯಾರಿಗಾಗಿ ಎಂದು ನಿರ್ಮಾಪಕರು ಕೇಳಬಹುದು. ಅವರು ಪಕ್ಕದ ಭಾಷೆಗಳತ್ತ ನೋಡಬೇಕು. ನಾಗರಾಜ ಮಂಜುಳೆಯವರ ‘ಸೈರಾಟ್’ ಸೊಲ್ಲಾಪುರ ಜಿಲ್ಲೆಯ ಕರಮಾಳ ಕಡೆಯ ಮರಾಠಿಯನ್ನು ಒಂದಿಷ್ಟೂ ತೊಳೆಯದೆ ತೆರೆಗೆ ತಂದಿತು, ನಾಯಕ ನಾಯಕಿ ಇಬ್ಬರೂ ಹೊಸಬರು, ಆದರೂ 2016ರಲ್ಲಿ ಅದು ಮರಾಠಿಯಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಗಳಿಕೆಯ ಚಿತ್ರವಾಯಿತು. ನಾಯಕ ಪರಶ್ಯಾನ ಜತೆಗಾರರಾದ ಸಲೀಂ ಮತ್ತು ಕುಂಟುವ ಪ್ರದೀಪ ಇಲ್ಲದಿದ್ದರೆ ಆ ಪ್ರೇಮಕತೆಗೆ ಉಸಿರೇ ಇರುತ್ತಿರಲಿಲ್ಲ. ಊರು ಬಿಟ್ಟ ಜೋಡಿ ಹೈದರಾಬಾದಿಗೆ ಬಂದು, ನಾಯಕಿ ಆರ್ಚಿ ನಿಧಾನಕ್ಕೆ ತೆಲುಗು ಕಲಿಯುವ ಭಾಗದಲ್ಲಿ ಎರಡು ಭಾಷೆಗಳು ಪಕ್ಕಪಕ್ಕ ಬಾಳುವುದನ್ನು ಪ್ರೇಕ್ಷಕರು ಸುಲಭವಾಗಿ ಒಪ್ಪಿಕೊಂಡರು. ತೆಲುಗಿನಲ್ಲೂ ಬಹುಕಾಲ ಕರಾವಳಿಯ ಮಾತೇ ನಾಯಕನ ಮಾತು, ತೆಲಂಗಾಣದ ಮಾತು ಹಾಸ್ಯಗಾರನ ಪಾಲಿಗೆ. ಅದನ್ನು ತಿರುಗಿಸಿದ ಚಿತ್ರಗಳಲ್ಲಿ 2023ರ ‘ಬಲಗಂ’ ಒಂದು. ನಮ್ಮ ಮುಸ್ತಾಫಾ ಬಂದ ಮರುವಾರವೇ ಮೂವರು ಹಳ್ಳಿ ಉಡಾಳರ ಕತೆಯಾದ ‘ಮೇಮ್ ಫೇಮಸ್’ ಅದೇ ಮಾತಿನಲ್ಲಿ ಬಂತು. ಉತ್ತರ ಕರ್ನಾಟಕದ ಮಾತನ್ನು ನಗಿಸಲೆಂದೇ ಇಟ್ಟುಕೊಂಡ ಕನ್ನಡ ಸಿನೆಮಾಕ್ಕೆ ಇದರಲ್ಲಿ ಕಲಿಯುವುದಿದೆ.

ಕನ್ನಡಪರರಿಂದ ಇನ್ನೊಂದು ಆಕ್ಷೇಪ ಬರಬಹುದು: ಗಡಿಯ ಸಿನೆಮಾ ಎಂದರೆ ಕನ್ನಡ ಶಾಲೆಗಳ ಪರ ದನಿ ಎತ್ತಬೇಕು, ಬೆರಕೆ ಮಾತನ್ನು ಆಡಿಸುತ್ತಾ ಕೂತರೆ ಕನ್ನಡ ಇನ್ನಷ್ಟು ಕರಗುವುದಿಲ್ಲವೇ? ಈ ಕಳವಳ ಗೌರವಕ್ಕೆ ಅರ್ಹವಾದದ್ದು. ಕೃಷ್ಣಾ ಮಂಡಲದ ಕನ್ನಡ ಶಾಲೆಗೆ ಮಾಸ್ತರರು ಬೇಕು, ಪುಸ್ತಕ ಹೊತ್ತಿಗೆ ಸರಿಯಾಗಿ ಬರಬೇಕು, ಹತ್ತನೆಯದರ ಮುಂದೆ ದಾರಿ ಬೇಕು. ಆದರೆ ಹುಡುಗ ಒಂದು ಭಾಷೆಯನ್ನು ಉಳಿಸಿಕೊಳ್ಳುವುದು ಅದರ ಮೇಲೆ ಭಾಷಣ ಕೇಳಿದ್ದರಿಂದಲ್ಲ. ಆ ಭಾಷೆಯಲ್ಲಿ ಅವನಿಗೆ ದೋಸ್ತರಿದ್ದರೆ, ಆ ಭಾಷೆಯಲ್ಲಿ ಅವನು ಗುಟ್ಟು ಹೇಳಿದ್ದರೆ, ಜಗಳವಾಡಿ ರಾಜಿಯಾಗಿದ್ದರೆ, ಅದು ಅವನೊಂದಿಗೆ ಹೈದರಾಬಾದಿಗೂ ಹೋಗುತ್ತದೆ, ಪುಣೆಗೂ ಹೋಗುತ್ತದೆ. ತೆಲುಗು ಮನೆಯ ದೋಸ್ತನೊಬ್ಬ ಇವರ ಸಹವಾಸದಲ್ಲಿ ಕನ್ನಡದ ಬೈಗುಳ ಕಲಿತನೆಂದರೆ ಕನ್ನಡಕ್ಕೆ ಒಬ್ಬ ಹೆಚ್ಚಾದ ಹಾಗೆಯೇ. ಕಾಸರಗೋಡಿನ ಚಿತ್ರದಲ್ಲೂ ನನ್ನ ಮನಸ್ಸಿನಲ್ಲಿ ಉಳಿದದ್ದು ಕೋರ್ಟಿನ ವಾದಕ್ಕಿಂತ ಆ ಹುಡುಗರ ಬಾಯಿಯ ಕನ್ನಡ.

ಇಂಥ ಸಿನೆಮಾ ಹೊರಗಿನವರ ಊಹೆಯಿಂದ ಹುಟ್ಟುವುದಿಲ್ಲ. ‘ತಿಥಿ’ಯನ್ನು ರಾಮ್ ರೆಡ್ಡಿ ತೆಗೆದಾಗ ಈರೇಗೌಡರು ತಾವು ಬಲ್ಲ ಮಂಡ್ಯ ಸೀಮೆಯ ಹಳ್ಳಿಯನ್ನು ಬರವಣಿಗೆಗೆ ತಂದರು, ಊರಿನ ಜನರೇ ನಟಿಸಿದರು, ಕುರಿ ಕಾಯುವ ಹುಡುಗಿಯ ಹಿಂದೆ ಸುತ್ತುತ್ತಾ ಮುತ್ತಾತನ ತಿಥಿಯ ಕೆಲಸ ಮರೆಯುವ ಅಭಿ ಎಂಬ ಹರೆಯದ ಹುಡುಗ ಅದಕ್ಕೇ ಅಷ್ಟು ನಿಜವಾಗಿ ಕಂಡ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವ ಅದನ್ನು ಮೆಚ್ಚಿ ಬಹುಮಾನ ಕೊಟ್ಟಿತು. ಮಕ್ತಲ್‌ನಲ್ಲೋ ಕೃಷ್ಣಾ ಮಂಡಲದ ಗುಡೇಬಲ್ಲೂರಿನಲ್ಲೋ ಹತ್ತನೇ ತರಗತಿಯ ಹುಡುಗರ ಕೈಯಲ್ಲಿ ಇವತ್ತು ಮೊಬೈಲ್ ಇದೆ, ರೀಲ್ಸ್ ಮಾಡುವ ಚಟವಿದೆ. ಅವರಿಗೆ ಕತೆ ಕಟ್ಟಲು ಜತೆಯಾಗುವ ಒಬ್ಬ ಬರಹಗಾರ, ತೇಜಸ್ವಿ ಓದುಗರ ಹಾಗೆ ಹಣ ಕೂಡಿಸುವ ನೂರು ಜನ ಸಾಕು. ಕತೆಗೆ ಕೊನೆಯನ್ನು ಹುಡುಕುವ ಕಷ್ಟವೂ ಇಲ್ಲ, ಅದನ್ನು ಆ ಊರೇ ಪ್ರತಿವರ್ಷ ಬರೆಯುತ್ತದೆ. ಹತ್ತನೆಯದರ ಫಲಿತಾಂಶ ಬಂದ ಮೇಲೆ ನಾಲ್ವರಲ್ಲಿ ಒಬ್ಬ ಸೇತುವೆ ದಾಟಿ ರಾಯಚೂರಿನ ಕಾಲೇಜಿಗೆ, ಒಬ್ಬ ಹೈದರಾಬಾದಿಗೆ, ಒಬ್ಬ ಅಪ್ಪನ ಜತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ನಾಲ್ಕನೆಯವನು ಊರಲ್ಲೇ ಉಳಿಯುತ್ತಾನೆ. ಸಂಜೆ ಒಬ್ಬನೇ ಹೊಳೆಗೆ ಹೋಗುತ್ತಾನೆ, ಬಟ್ಟೆ ಬಿಚ್ಚಿ ದಂಡೆಯ ಕಲ್ಲಿನ ಮೇಲಿಡುತ್ತಾನೆ, ಆಮೇಲೆ ನೀರಿಗೆ ಇಳಿಯದೆ ಅಲ್ಲೇ ಕೂರುತ್ತಾನೆ.